ಬಳ್ಳಾರಿ ಕಡೆ ಸೆಮಿನಾರಿಗೆ ಬರೋರು ರೂಮು ಹೆಂಗೆ ಹಿಡೀಬೇಕು, ಸಂಡೂರು ಬೆಟ್ಟ ಯಾವಾಗ ನೋಡಬೇಕು: ಸಮಗ್ರ ಮಾರ್ಗದರ್ಶಿ

ಸೆಮಿನಾರು, ಸಮ್ಮೇಳನ, ವರ್ಕ್‌ಶಾಪ್ ಅಂತ ನಮ್ಮ ಬಳ್ಳಾರಿ ಕಡೆ ಬರೋರಿಗೆ ವಸತಿ, ಗಾಡಿ ನೋಡ್ಕೊಳ್ಳೋ ಕೆಲಸ ಸುಮಾರು ವರ್ಷದಿಂದ ನನ್ನ ತಲೆ ಮೇಲೆ ಐತೆ. ಪ್ರತಿ ಸಲಾನೂ ನೋಡೋದು ಅದೇ ತಪ್ಪು. ಸಭೆ ಬಳ್ಳಾರಿಯಲ್ಲಿ ಇರ್ತದೆ, ರೂಮು ಹಂಪಿಯಲ್ಲಿ ಬುಕ್ ಆಗಿರ್ತದೆ, ಸಂಡೂರು, ಹಂಪಿ, ಅಂಜನಾದ್ರಿ ಮೂರೂ ಒಂದೇ ದಿನ ನೋಡ್ತೀವಿ ಅಂತ ಪ್ಲಾನ್ ಇರ್ತದೆ.

ಒಂದು ಸಲ ಧಾರವಾಡ ಕಡೆಯ ಮೇಡಂ ಒಬ್ರದ್ದು ಮೊದಲ ಸೆಷನ್ನಲ್ಲೇ ಪೇಪರ್ ಇತ್ತು, ಒಂಬತ್ತೂವರೆಗೆ. ಹಂಪಿ ಹತ್ರ ರೂಮು ಮಾಡ್ಕೊಂಡು ಎಂಟಕ್ಕೆ ಹೊರಟಿದ್ರು, ಹೊಸಪೇಟೆ ದಾಟಿ ತೋರಣಗಲ್ಲು ಹತ್ರ ಒಂದು ಲಾರಿ ಕೆಟ್ಟು ಅಡ್ಡ ನಿಂತು ಸಾಲುಗಟ್ಟಿದ ಗಾಡಿಗಳ ಹಿಂದೆ ಸಿಕ್ಕಾಕಿಕೊಂಡ್ರು. ಅವರು ಗೇಟಲ್ಲಿ ಇಳಿದಾಗ ಹನ್ನೊಂದೂ ಕಾಲು, ಸೆಷನ್ ಮುಗಿದು ಜನ ಟೀ ಕಪ್ ಹಿಡ್ಕೊಂಡು ಹೊರಗೆ ನಿಂತಿದ್ರು, ಆಯಮ್ಮ ಕೈಯಲ್ಲಿ ಪೆನ್‌ಡ್ರೈವ್ ಬಿಗಿ ಹಿಡ್ಕೊಂಡು ಹಂಗೇ ನಿಂತುಬಿಟ್ರು. ಆರು ತಿಂಗಳು ಕೆಲಸ ಮಾಡಿ ಬರೆದ ಪೇಪರ್ ಅದು. ಅವತ್ತಿಂದ ಯಾರೇ ಫೋನ್ ಮಾಡಿದ್ರೂ ನಾನು ಮೊದಲು ಹೇಳೋದು ಒಂದೇ ಮಾತು: ರೂಮು ಸಭೆ ಹತ್ರ ಇರಲಿ, ಬೆಟ್ಟಕ್ಕೆ ಬೇರೆ ಒಂದು ದಿನ ಕೊಡ್ರಿ.

ಕೆಳಗೆ ಬರೆದಿರೋ ಹಂತಗಳನ್ನ ಇದೇ ಆರ್ಡರಲ್ಲೇ ಮಾಡ್ರಿ. ರೂಮು ಮೊದಲು ಹಿಡಿದು ಆಮೇಲೆ ಜಾಗ ಹುಡುಕೋರಿಗೇ ತೊಂದರೆ ಆಗೋದು.

## 1. ಸಭೆ ನಿಜವಾಗ್ಲೂ ಎಲ್ಲಿ ಅಂತ ತಿಳ್ಕೊಳ್ರಿ

ಕರಪತ್ರದಲ್ಲಿ "ಬಳ್ಳಾರಿ" ಅಂತ ಇದ್ರೆ ಅದು ಬಳ್ಳಾರಿ ಊರೊಳಗೇ ಅಂತ ಅಂದ್ಕೋಬೇಡ್ರಿ. ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯದ ಮುಖ್ಯ ಕ್ಯಾಂಪಸ್ಸು ಬಳ್ಳಾರಿಯಲ್ಲಿ ಐತೆ, ಆದ್ರೆ ಅದರದ್ದೇ ಸ್ನಾತಕೋತ್ತರ ಕೇಂದ್ರ ಸಂಡೂರು ತಾಲ್ಲೂಕಿನ ನಂದಿಹಳ್ಳಿಯಲ್ಲಿ ಐತೆ. ಉಕ್ಕಿನ ಕಂಪನಿ ಕಡೆಯವರ ಟೆಕ್ನಿಕಲ್ ಮೀಟಿಂಗ್ ಆದ್ರೆ ತೋರಣಗಲ್ಲು ಇರಬಹುದು. ಕನ್ನಡ ವಿಶ್ವವಿದ್ಯಾಲಯ ಇರೋದು ಹಂಪಿ ಹತ್ರ ವಿದ್ಯಾರಣ್ಯದಲ್ಲಿ, ಅದು 2021ರಿಂದ ವಿಜಯನಗರ ಜಿಲ್ಲೆ, ಆದ್ರೂ ಹಳೇ ರೂಢಿಗೆ ಇನ್ನೂ "ಬಳ್ಳಾರಿ ಹತ್ರ" ಅಂತಾನೇ ಹೇಳೋರು ಅದಾರೆ. ಈ ನಾಲ್ಕೂ ಜಾಗದ ನಡುವೆ ಗಂಟೆಗಟ್ಟಲೆ ದಾರಿ.

ಆಯೋಜಕರಿಗೆ ಒಂದು ಫೋನ್ ಮಾಡಿ ಇಷ್ಟು ಕೇಳ್ರಿ: ಯಾವ ಕ್ಯಾಂಪಸ್ಸು, ಯಾವ ಗೇಟು, ನೋಂದಣಿ ಎಷ್ಟೊತ್ತಿಗೆ, ನನ್ನ ಸೆಷನ್ ಯಾವ ದಿನ ಯಾವ ಹೊತ್ತಿಗೆ, ಸರ್ಟಿಫಿಕೇಟ್ ಯಾವಾಗ ಕೊಡ್ತೀರಿ. ಕೊನೇ ಪ್ರಶ್ನೆ ಬಹಳ ಜನ ಕೇಳಲ್ಲ. ಹೆಚ್ಚಿನ ಕಡೆ ಸರ್ಟಿಫಿಕೇಟು, ಹಾಜರಿ ಪತ್ರ ಎರಡೂ ಸಮಾರೋಪ ಆದ ಮೇಲೇ ಕೈಗೆ ಸಿಗೋದು, ಎರಡನೇ ದಿನ ಮಧ್ಯಾಹ್ನ ಊಟ ಆದ ಕೂಡಲೇ ಬೆಟ್ಟ ನೋಡಕ್ಕೆ ಓಡಿದೋರು ಆಮೇಲೆ ತಿಂಗಳುಗಟ್ಟಲೆ ಪೋಸ್ಟಿಗೆ ಕಾಯ್ತಾರೆ.

ಗೆಸ್ಟ್‌ಹೌಸ್ ಐತಾ ಅಂತಾನೂ ಇದೇ ಫೋನಲ್ಲಿ ಕೇಳಿಬಿಡ್ರಿ. ಇದ್ರೆ ಅದಕ್ಕಿಂತ ಒಳ್ಳೇದು ಯಾವುದೂ ಇಲ್ಲ. ಆದ್ರೆ "ನೋಡೋಣ ಸರ್, ಬನ್ನಿ" ಅಂದ್ರೆ ಅದು ರೂಮು ಸಿಕ್ಕಂಗಲ್ಲ. ಮೆಸೇಜಲ್ಲಿ ಕನ್ಫರ್ಮ್ ಬರೋವರೆಗೂ ಬೇರೆ ರೂಮು ಕ್ಯಾನ್ಸಲ್ ಮಾಡಬೇಡ್ರಿ.

## 2. ಕ್ಯಾಲೆಂಡರ್ ತೆಗೆದು ನೋಡ್ರಿ

ನಿಮ್ಮ ದಿನಾಂಕದ ಆಜುಬಾಜು ಏನು ಐತೆ ಅಂತ ನೋಡೋದು ಎರಡನೇ ಕೆಲಸ. ಹಂಪಿ ಉತ್ಸವ ಇದ್ರೆ ಹೊಸಪೇಟೆ, ಕಮಲಾಪುರದಲ್ಲಿ ರೂಮು ಸಿಗಲ್ಲ. ಜನವರಿಯಲ್ಲಿ ಕೊಪ್ಪಳದ ಗವಿಮಠದ ಜಾತ್ರೆ, ಆ ರಥೋತ್ಸವದ ಹೊತ್ತಿಗೆ ಕೊಪ್ಪಳದ ಕಡೆ ಲಾಡ್ಜು, ರಸ್ತೆ ಎರಡೂ ತುಂಬಿರ್ತವೆ. ಡಿಸೆಂಬರಲ್ಲಿ ಅಂಜನಾದ್ರಿಯಲ್ಲಿ ಹನುಮಮಾಲೆ ವಿಸರ್ಜನೆ ಇರ್ತದೆ, ಆ ಒಂದೆರಡು ದಿನ ಆ ಕಡೆ ಕಾರು ತಗೊಂಡು ಹೋಗೋ ಯೋಚನೇನೇ ಬೇಡ. ಕ್ರಿಸ್‌ಮಸ್ಸಿಂದ ಹೊಸ ವರ್ಷದವರೆಗೆ ಬೆಂಗಳೂರು, ಹೈದರಾಬಾದಿಂದ ಜನ ಬಂದು ಸೇರ್ತಾರೆ.

ಹವಾಮಾನ ಅಂತ ಬಂದ್ರೆ, ಮಾರ್ಚಿಂದ ಮೇವರೆಗೆ ಬಳ್ಳಾರಿಯಲ್ಲಿ ಬಿಸಿಲು ನಲವತ್ತು ಡಿಗ್ರಿ ದಾಟ್ತದೆ, ಆಗ ಹನ್ನೊಂದು ಗಂಟೆ ಮೇಲೆ ಬಂಡೆ ಹತ್ತೋದು ಬೇಡವೇ ಬೇಡ. ಹಂಪಿಗೆ ನವೆಂಬರಿಂದ ಫೆಬ್ರವರಿ ಚೆನ್ನಾಗಿರ್ತದೆ. ಸಂಡೂರು ಬೆಟ್ಟಕ್ಕೆ ಮಾತ್ರ ಲೆಕ್ಕ ಬೇರೆ, ಅದನ್ನ ಮಳೆಗಾಲದಲ್ಲೇ ನೋಡಬೇಕು, ಆಗಸ್ಟಿಂದ ಅಕ್ಟೋಬರ್. ಸೆಪ್ಟೆಂಬರಲ್ಲಿ ಸಂಡೂರು ನೋಡ್ರಿ ಅಂತ ಗಾಂಧೀಜಿ ಹೇಳಿದ್ರು ಅಂತ ಊರಲ್ಲಿ ಎಲ್ರೂ ಹೇಳ್ತಾರೆ, ಆ ತಿಂಗಳು ಒಂದ್ಸಲ ಹೋಗಿ ಬಂದ್ರೆ ಆ ಮಾತು ಯಾಕೆ ಉಳ್ಕೊಂಡೈತೆ ಅಂತ ಗೊತ್ತಾಗ್ತದೆ.

## 3. ಟಿಕೆಟ್ ಮಾಡಿಸ್ರಿ, ಊರ ಹೆಸರಿನ ಗೊಂದಲ ನೋಡ್ಕೊಂಡು

ಬೆಂಗಳೂರು, ಮೈಸೂರು ಕಡೆಯಿಂದ ಬರೋರಿಗೆ ಹಂಪಿ ಎಕ್ಸ್‌ಪ್ರೆಸ್ಸೇ ಸರಿ. ರಾತ್ರಿ ಹತ್ತಿ ಮಲಗಿದ್ರೆ ಬೆಳಗಿನ ಜಾವಕ್ಕೆ ಬಳ್ಳಾರಿ, ಆಮೇಲೆ ತೋರಣಗಲ್ಲು, ಹೊಸಪೇಟೆ, ಕೊಪ್ಪಳ ಅಂತ ಅದೇ ಸಾಲಲ್ಲಿ ಬರ್ತವೆ. ರಿಸರ್ವೇಶನ್ ಓಪನ್ ಆಗೋದು 60 ದಿನ ಮುಂಚೆ, ಈ ಗಾಡಿಗೆ ಡಿಮ್ಯಾಂಡ್ ಜಾಸ್ತಿ ಇರೋದ್ರಿಂದ ದಿನಾಂಕ ಗೊತ್ತಾದ ದಿನಾನೇ ಮಾಡಿಸ್ರಿ. ತತ್ಕಾಲ್ ನಂಬ್ಕೊಂಡ್ರೆ ಎಸಿಗೆ ಹಿಂದಿನ ದಿನ ಬೆಳಿಗ್ಗೆ ಹತ್ತಕ್ಕೆ, ಸ್ಲೀಪರ್‌ಗೆ ಹನ್ನೊಂದಕ್ಕೆ, ಆನ್‌ಲೈನಲ್ಲಿ ಮಾಡಕ್ಕೆ ಅಕೌಂಟಿಗೆ ಆಧಾರ್ ಲಿಂಕ್ ಆಗಿರಬೇಕು. ದೂರದ ರಾಜ್ಯದಿಂದ ಬರೋರು ಗುಂತಕಲ್ ಜಂಕ್ಷನ್‌ಗೆ ಬಂದ್ರೂ ಆಗ್ತದೆ, ಅಲ್ಲಿಂದ ಬಳ್ಳಾರಿ ಸುಮಾರು 50 ಕಿಲೋಮೀಟರ್.

ಆ್ಯಪಲ್ಲಿ ಕೆಲವು ಕಡೆ ಇನ್ನೂ ಹಳೇ ಹೆಸರೇ ಕಾಣ್ತವೆ. 2014ರ ನವೆಂಬರ್ 1ಕ್ಕೆ ಹೆಸರು ಬದಲಾದ್ರೂ ಬಳ್ಳಾರಿ ಅಂತ ಹುಡುಕಿ ಸಿಗಲಿಲ್ಲ ಅಂದ್ರೆ ಬೆಲ್ಲಾರಿ ಅಂತ, ಹೊಸಪೇಟೆ ಸಿಗಲಿಲ್ಲ ಅಂದ್ರೆ ಹಾಸ್ಪೆಟ್ ಅಂತ ಹುಡುಕ್ರಿ. ವಿಮಾನದಲ್ಲಿ ಬರೋರು "ವಿದ್ಯಾನಗರ" ಅಂತ ಹುಡುಕಬೇಕು, ಆ ಏರ್‌ಪೋರ್ಟ್ ಇರೋದು ತೋರಣಗಲ್ಲಿನಲ್ಲಿ, ಬಳ್ಳಾರಿಯಿಂದ ಮುಕ್ಕಾಲು ಗಂಟೆ ಹತ್ರ. ಅಲ್ಲಿಗೆ ಬರೋದು ಸಣ್ಣ ವಿಮಾನ, ಅದೂ ಕಡಿಮೆ, ಶೆಡ್ಯೂಲು ಆಗಾಗ ಬದಲಾಗ್ತದೆ, ಹಂಗಾಗಿ ಪೇಪರ್ ಇರೋ ದಿನ ಬೆಳಿಗ್ಗೆ ಬಂದಿಳಿಯೋ ವಿಮಾನ ಹಿಡೀಬೇಡ್ರಿ, ಹಿಂದಿನ ದಿನವೇ ಬರ್ರಿ.

## 4. ರೂಮು ಹಿಡಿಯೋದು

ಸೆಮಿನಾರು ಸರಿಯಾಗಿ ಆಗ್ತದೋ ಇಲ್ಲೋ ಅನ್ನೋದು ಅರ್ಧ ಇಲ್ಲೇ ತೀರ್ಮಾನ ಆಗ್ತದೆ, ಅದಕ್ಕೇ ಇದನ್ನ ಉದ್ದಕ್ಕೆ ಬರೀತಾ ಇದೀನಿ.

### ಊರು ಯಾವುದು

ಸಭೆ ಬಳ್ಳಾರಿಯಲ್ಲಾದ್ರೆ ರೂಮು ಬಳ್ಳಾರಿಯಲ್ಲೇ. ರೈಲ್ವೆ ಸ್ಟೇಷನ್ ಮತ್ತೆ ಬಸ್‌ಸ್ಟ್ಯಾಂಡ್ ಸುತ್ತಮುತ್ತ ಎಲ್ಲಾ ದರದ ಲಾಡ್ಜೂ ಅದಾವೆ, ಆಟೋ ಯಾವ ಹೊತ್ತಲ್ಲೂ ಸಿಗ್ತದೆ. ಹಂಪಿ ಅಲ್ಲಿಂದ ಎಪ್ಪತ್ತು ಕಿಲೋಮೀಟರ್ ಆಸುಪಾಸು, ನಕ್ಷೆಯಲ್ಲಿ ಗಂಟೆ ಚಿಲ್ಲರೆ ತೋರಿಸ್ತದೆ, ಆದ್ರೆ ಆ ಹೈವೇಲಿ ಅದಿರು, ಉಕ್ಕು ಹೊರೋ ಗಾಡಿಗಳು ಎಷ್ಟು ಅದಾವೆ ಅನ್ನೋದು ನಕ್ಷೆಗೆ ಪೂರ್ತಿ ಗೊತ್ತಾಗಲ್ಲ.

ಸಭೆ ಕನ್ನಡ ವಿಶ್ವವಿದ್ಯಾಲಯದಲ್ಲಾದ್ರೆ ಹೊಸಪೇಟೆ ಅಥವಾ ಕಮಲಾಪುರ. ಕಮಲಾಪುರದಲ್ಲಿ ಪ್ರವಾಸೋದ್ಯಮ ನಿಗಮದ ಮಯೂರ ಭುವನೇಶ್ವರಿ ಐತೆ, ಟಿಬಿ ಡ್ಯಾಂ (ತುಂಗಭದ್ರಾ ಅಣೆಕಟ್ಟು) ಹತ್ರ ಮಯೂರ ವಿಜಯನಗರ ಐತೆ, ಎರಡೂ ಸರ್ಕಾರಿ ಬಿಲ್ಲು ಕೊಡ್ತವೆ. ಹೊಸಪೇಟೆಯಲ್ಲಿ ಊಟ, ಮೆಡಿಕಲ್ ಶಾಪು, ರಾತ್ರಿ ಗಾಡಿ ಎಲ್ಲಾ ಸಿಗ್ತದೆ, ನನ್ನ ವೋಟು ಹೊಸಪೇಟೆಗೇ.

ನಂದಿಹಳ್ಳಿಗೆ ಬರೋರಿಗೆ ಸಂಡೂರು. ಸಂಡೂರು ಸಣ್ಣ ಊರು, ಲಾಡ್ಜು ಬೆರಳೆಣಿಕೆ, ಗಣಿ ಕೆಲಸಕ್ಕೆ ಬಂದೋರು ವಾರಗಟ್ಟಲೆ ರೂಮು ಹಿಡಿದಿರ್ತಾರೆ. ಶಿವವಿಲಾಸ ಅರಮನೆ ಹೋಟೆಲ್ ಐತೆ, ಆದ್ರೆ ಅದು ಅರಮನೆಯೇ, ನಮ್ಮ ಟಿಎ ಡಿಎ (ಆಫೀಸು ಕೊಡೋ ಪ್ರಯಾಣ ಭತ್ಯೆ, ದಿನಭತ್ಯೆ) ಲೆಕ್ಕಕ್ಕೆ ಬರಲ್ಲ. ಎರಡು ವಾರ ಮುಂಚೆ ಸಂಡೂರಲ್ಲಿ ಸಿಗಲಿಲ್ಲ ಅಂದ್ರೆ ಹೊಸಪೇಟೆಗೆ ಹೋಗ್ರಿ, ಸುಮಾರು 30 ಕಿಲೋಮೀಟರ್. ತೋರಣಗಲ್ಲಿನಲ್ಲಿ ಒಳ್ಳೊಳ್ಳೆ ಹೋಟೆಲ್ ಅದಾವೆ, ಕಂಪನಿ ಜನರಿಂದ ವಾರದ ದಿನ ತುಂಬಿರ್ತವೆ.

ಇನ್ನೊಂದು ವಿಷಯ, ಹೋಟೆಲ್ ಹೆಸರಲ್ಲಿ ಹಂಪಿ ಅಂತ ಇದ್ರೆ ಅದು ಹಂಪಿಯಲ್ಲೇ ಐತೆ ಅಂತಲ್ಲ. ಹಂಪಿ ಹೆಸರಿಟ್ಕೊಂಡ ಹೋಟೆಲ್ಲು ಮೂವತ್ತು ಕಿಲೋಮೀಟರ್ ಆಚೆ ಇರೋದೂ ಐತೆ, ನದಿ ಆಚೆ ಗಂಗಾವತಿ ತಾಲ್ಲೂಕಲ್ಲಿ ಇರೋದೂ ಐತೆ. ಹೆಸರು ಬಿಡ್ರಿ, ನಕ್ಷೆಯಲ್ಲಿ ಪಿನ್ ಎಲ್ಲೈತೆ ನೋಡ್ರಿ. ನದಿ ಆಚೆ ಇರೋ ರೆಸಾರ್ಟ್ ವಿಷಯದಲ್ಲಿ ಇನ್ನೂ ಹುಷಾರು. ವಿರೂಪಾಪುರ ಗಡ್ಡೆಯ ರೆಸಾರ್ಟುಗಳನ್ನ ಸುಪ್ರೀಂ ಕೋರ್ಟ್ ತೀರ್ಪಿನ ಮೇಲೆ 2020ರಲ್ಲೇ ತೆರವು ಮಾಡಿದಾರೆ, ಹಳೇ ಫೋಟೋ, ಹಳೇ ರಿವ್ಯೂ ನೋಡಿ ದುಡ್ಡು ಕಳಿಸಬೇಡ್ರಿ. ಸಣಾಪುರ, ಆನೆಗೊಂದಿ ಕಡೆ ಇರೋದಾದ್ರೆ ಲೈಸೆನ್ಸ್ ಐತಾ, ಜಿಎಸ್‌ಟಿ ಬಿಲ್ ಕೊಡ್ತೀರಾ ಅಂತ ಕೇಳ್ರಿ.

### ಫೋನಲ್ಲಿ ಕೇಳಬೇಕಾದ್ದು

ಆನ್‌ಲೈನಲ್ಲಿ ಬುಕ್ ಮಾಡಿದ್ರೂ ಹೋಟೆಲ್‌ಗೆ ಒಂದು ಫೋನ್ ಮಾಡಲೇಬೇಕು. ಮೊದಲು ಚೆಕ್‌ಇನ್ ಹೊತ್ತು ಕೇಳ್ರಿ. ರೈಲು ನಿಮ್ಮನ್ನ ಬೆಳಗಿನ ಜಾವ ಇಳಿಸ್ತದೆ, ದೊಡ್ಡ ಹೋಟೆಲಲ್ಲಿ ರೂಮು ಕೊಡೋದು ಮಧ್ಯಾಹ್ನ ಹನ್ನೆರಡಕ್ಕೆ, ನಡುವೆ ಸ್ನಾನ ಇಲ್ಲದೆ ಬ್ಯಾಗ್ ಹಿಡ್ಕೊಂಡು ಉದ್ಘಾಟನೆಗೆ ಬಂದು ಕೂತೋರನ್ನ ಎಷ್ಟು ಜನರನ್ನ ನೋಡಿದೀನಿ. ನಮ್ಮ ಕಡೆ ಹಳೇ ಲಾಡ್ಜುಗಳಲ್ಲಿ ಇಪ್ಪತ್ನಾಲ್ಕು ಗಂಟೆ ಲೆಕ್ಕ ಇರ್ತದೆ, ಬೆಳಿಗ್ಗೆ ಆರಕ್ಕೆ ಹೋದ್ರೆ ಮರುದಿನ ಆರರವರೆಗೆ. ರೈಲಲ್ಲಿ ಬರೋರಿಗೆ ಇದೇ ಅನುಕೂಲ, ಆದ್ರೆ ಹೊರಡೋ ದಿನ ಆರಕ್ಕೇ ಖಾಲಿ ಮಾಡಬೇಕು ಅನ್ನೋದು ನೆನಪಿರಲಿ, ಲಗೇಜು ರಿಸೆಪ್ಷನ್‌ನಲ್ಲಿ ಇಟ್ಕೋತಾರಾ ಅಂತ ಮೊದಲೇ ಕೇಳಿಟ್ಕೊಳ್ರಿ.

ಬಿಸಿನೀರು ಎಷ್ಟೊತ್ತಿಂದ ಎಷ್ಟೊತ್ತಿಗೆ, ಜನರೇಟರ್ ಎಸಿಗೂ ಓಡ್ತದಾ ಇಲ್ಲಾ ಬರೀ ಫ್ಯಾನಿಗಾ, ರಸ್ತೆ ಕಡೆ ರೂಮಾ ಹಿಂದಿನ ರೂಮಾ, ಇವನ್ನೂ ಕೇಳ್ರಿ. ರಸ್ತೆ ಕಡೆ ಆದ್ರೆ ರಾತ್ರಿಯೆಲ್ಲ ಲಾರಿ ಸದ್ದು, ಬೆಳಿಗ್ಗೆ ಕಿಟಕಿ ಮೇಲೆ ಕೆಂಪು ಧೂಳು. ಆಮೇಲೆ ಬಿಲ್ಲು: ನಿಮ್ಮ ಪೂರ್ತಿ ಹೆಸರು, ದಿನಾಂಕ, ಜಿಎಸ್‌ಟಿ ನಂಬರ್ ಇರೋ ಬಿಲ್ಲೇ ಬೇಕು ಅಂತ ಮುಂಚೇನೇ ಹೇಳ್ರಿ, ಚೀಟಿಯಲ್ಲಿ ಬರೆದುಕೊಟ್ಟ ಬಿಲ್ಲಿಗೆ ನಿಮ್ಮ ಆಫೀಸಲ್ಲಿ ಟಿಎ ಪಾಸಾಗಲ್ಲ.

ವಿದೇಶಿ ಅತಿಥಿ ಜೊತೆಗಿದ್ರೆ ಇನ್ನೊಂದು ಪ್ರಶ್ನೆ. ವಿದೇಶಿಯರು ಉಳ್ಕೊಂಡ್ರೆ ಹೋಟೆಲಿನವರು 24 ಗಂಟೆ ಒಳಗೆ ಅವರ ವಿವರ ಆನ್‌ಲೈನಲ್ಲಿ ತುಂಬಬೇಕು. ಸಣ್ಣ ಲಾಡ್ಜಿನವರು ಅದರ ಗೊಡವೇನೇ ಬೇಡ ಅಂತ ರೂಮು ಇಲ್ಲ ಅಂದುಬಿಡ್ತಾರೆ, ಅದೂ ರಾತ್ರಿ ಹತ್ತು ಗಂಟೆಗೆ ಪಾಸ್‌ಪೋರ್ಟ್ ನೋಡಿದ ಮೇಲೆ. ಮೊದಲೇ ಕೇಳಿ ಕನ್ಫರ್ಮ್ ಮಾಡ್ಕೊಳ್ರಿ.

### ಈ ಲಕ್ಷಣ ಕಂಡ್ರೆ ಬಿಟ್ಟುಬಿಡ್ರಿ

ಪೂರ್ತಿ ದುಡ್ಡು ಮೊದಲೇ ಹಾಕಿ ಅಂತ ಪರ್ಸನಲ್ ನಂಬರಿಗೆ ಕೇಳೋದು, ಲೊಕೇಶನ್ ಕೇಳಿದ್ರೆ "ಬಂದು ಫೋನ್ ಮಾಡ್ರಿ, ಹುಡುಗ ಬರ್ತಾನೆ" ಅನ್ನೋದು, ರೂಮಿನ ಫೋಟೋ ಬದಲು ಬರೀ ಕಲ್ಲಿನ ರಥದ ಫೋಟೋ ಕಳಿಸೋದು. ಇದರಲ್ಲಿ ಒಂದು ಕಂಡ್ರೂ ಬೇರೆ ನೋಡ್ರಿ.

## 5. ಗಾಡಿ ಮಾತಾಡಿಕೊಳ್ರಿ

ಸಭೆಗೆ ಓಡಾಡಕ್ಕೆ ಆಟೋ, ಬಸ್ಸು ಸಾಕು. ಕೆಕೆಆರ್‌ಟಿಸಿ ಬಸ್ಸು ಬಳ್ಳಾರಿ–ಹೊಸಪೇಟೆ, ಬಳ್ಳಾರಿ–ಸಂಡೂರು, ಹೊಸಪೇಟೆ–ಹಂಪಿ ಮೂರೂ ಕಡೆ ಓಡ್ತವೆ, ನಮ್ಮ ರಾಜ್ಯದ ಹೆಣ್ಮಕ್ಕಳಿಗೆ ಸಾಮಾನ್ಯ ಬಸ್ಸಲ್ಲಿ ಶಕ್ತಿ ಯೋಜನೆಯಲ್ಲಿ ಟಿಕೆಟ್ ಫ್ರೀ, ಆಧಾರ್ ಕೈಯಲ್ಲಿ ಇರಲಿ.

ಬೆಟ್ಟಕ್ಕೆ ಮಾತ್ರ ಸ್ವಂತ ಗಾಡಿ ಅಥವಾ ಬಾಡಿಗೆ ಗಾಡಿ ಬೇಕೇ ಬೇಕು. ಕುಮಾರಸ್ವಾಮಿ ಗುಡಿ ಕಡೆ ಬಸ್ಸು ನಂಬ್ಕೊಂಡು ಹೋದ್ರೆ ವಾಪಸ್ ಬರೋದು ಕಷ್ಟ. ನಾಲ್ಕು ಜನ ಸೇರಿ ಒಂದು ಕಾರು ಮಾಡ್ರಿ. ಮಾತಾಡುವಾಗ ಕಿಲೋಮೀಟರ್ ಲೆಕ್ಕನಾ ದಿನದ ಲೆಕ್ಕನಾ, ಡ್ರೈವರ್ ಬತ್ಯ ಸೇರಿದೆಯಾ ಅಂತ ಬಿಡಿಸಿ ಮಾತಾಡ್ರಿ, ಆ್ಯಪ್ ಟ್ಯಾಕ್ಸಿ ಇಲ್ಲಿ ಬೆಂಗಳೂರಿನ ಥರ ಸಿಗಲ್ಲ. ಮುಖ್ಯವಾಗಿ ಸಂಡೂರಿನ ರಸ್ತೆ ಗೊತ್ತಿರೋ ಡ್ರೈವರ್ ಬೇಕು ಅಂತ ಹೇಳ್ರಿ. ಲಾರಿ ಹಿಂದೆ ಎಷ್ಟು ದೂರ ಬಿಡಬೇಕು, ಎಲ್ಲಿ ಓವರ್‌ಟೇಕ್ ಮಾಡಬಾರದು ಅಂತ ಅವನಿಗೆ ಗೊತ್ತಿರ್ತದೆ.

## 6. ಬ್ಯಾಗಲ್ಲಿ ಇರಬೇಕಾದ್ದು

ಬಿಳಿ ಬಟ್ಟೆ ಬೆಟ್ಟದ ದಿನಕ್ಕೆ ಬೇಡ. ಸಂಡೂರಿನ ಧೂಳು ಕಬ್ಬಿಣದ ಅದಿರಿನ ಧೂಳು, ಬಿಳಿ ಅಂಗಿಗೆ ಹತ್ತಿದ್ರೆ ಹೋಗಲ್ಲ. ಹಿರಿಯ ಪ್ರಾಧ್ಯಾಪಕರೊಬ್ರು ಇಸ್ತ್ರಿ ಮಾಡಿದ ಪಂಚೆ ಉಟ್ಕೊಂಡು ಕಾರಿನ ಬಾಗಿಲಿಗೆ ಒರಗಿ ನಿಂತ್ರು ಅಷ್ಟೇ, ಮೊಣಕಾಲಿಂದ ಕೆಳಗೆ ಇಟ್ಟಿಗೆ ಬಣ್ಣ. ಅವರು ಗಾಬರಿಯಾಗಿ ನೀರು ಹಾಕಿ ತಿಕ್ಕಿದ್ರು, ಕಲೆ ಇನ್ನೂ ಒಳಗೆ ಇಳೀತು. ಧೂಳು ಹತ್ತಿದ್ರೆ ಮೊದಲು ಒಣಗಿದ್ದಂಗೇ ಕೊಡವಬೇಕು, ಬ್ರಷ್ ಇದ್ರೆ ಬ್ರಷ್ಷಲ್ಲಿ, ಆಮೇಲೇ ನೀರು.

ಇನ್ನು ಮಾಸ್ಕು ಅಥವಾ ಕರ್ಚೀಫು, ಟೋಪಿ, ಹಿಡಿತ ಇರೋ ಚಪ್ಪಲಿ ಅಥವಾ ಶೂ, ತಲಾ ಎರಡು ಲೀಟರ್ ನೀರು, ಸ್ವಲ್ಪ ನಗದು. ಬೆಟ್ಟದ ಮೇಲೆ ನೆಟ್‌ವರ್ಕ್ ಇರಲ್ಲ, ಫೋನ್‌ಪೇ ಓಡಲ್ಲ, ನಕ್ಷೆ ಮೊದಲೇ ಡೌನ್‌ಲೋಡ್ ಮಾಡಿಟ್ಕೊಳ್ರಿ. ಮಳೆಗಾಲ ಆದ್ರೆ ಛತ್ರಿಗಿಂತ ರೇನ್‌ಕೋಟ್ ಒಳ್ಳೇದು, ಗಾಳಿ ಜೋರು. ಪೆನ್‌ಡ್ರೈವು, ಲ್ಯಾಪ್‌ಟಾಪು ರೂಮಲ್ಲೇ ಇರಲಿ.

## 7. ಸಭೆ ಇರೋ ದಿನ ಸಂಜೆ

ಸಭೆ ಐದಕ್ಕೆ ಮುಗಿದ್ರೆ ಊರು ಬಿಟ್ಟು ಹೊರಗೆ ಹೋಗಬೇಡ್ರಿ. ಬಳ್ಳಾರಿಯಲ್ಲೇ ಊರ ನಡುವೆ ಕೋಟೆ ಗುಡ್ಡ ಐತೆ, ಇಡೀ ಗುಡ್ಡಾನೇ ಒಂದು ಬಂಡೆ ಇದ್ದಂಗೆ. ಆದ್ರೆ ಸಂಜೆ ತಡವಾಗಿ ಹೋದ್ರೆ ಮೇಲೆ ಬಿಡಲ್ಲ, ಹಂಗಾಗಿ ಬೆಳಿಗ್ಗೆ ಸಭೆಗೆ ಮುಂಚೆ ಹತ್ತಿ ಇಳಿಯೋದೇ ಸರಿ, ಎಷ್ಟೊತ್ತಿಗೆ ಬಾಗಿಲು ತೆಗೀತಾರೆ ಅಂತ ಹಿಂದಿನ ದಿನ ಲಾಡ್ಜಲ್ಲಿ ಕೇಳಿಟ್ಕೊಳ್ರಿ. ಸಂಜೆಗೆ ದುರ್ಗಮ್ಮನ ಗುಡಿಗೆ ಹೋಗಿ, ಬರುವಾಗ ದಾರಿಬದಿ ಒಗ್ಗರಣೆ ಮಿರ್ಚಿ ತಿನ್ರಿ. ಮಂಡಕ್ಕಿ ನೀರಲ್ಲಿ ನೆನೆಸಿ ಹಿಂಡಿ, ಈರುಳ್ಳಿ ಹಸಿಮೆಣಸು ಒಗ್ಗರಣೆಗೆ ಹಾಕಿ, ಮೇಲೆ ಪುಟಾಣಿ ಪುಡಿ ಉದುರಿಸಿ ಕೊಡ್ತಾರೆ, ಪಕ್ಕದಲ್ಲಿ ಬಾಣಲೆಯಿಂದ ಆಗಷ್ಟೇ ತೆಗೆದ ಮಿರ್ಚಿ. ಮಿರ್ಚಿ ಖಾರ ಇರ್ತದೆ, ಮರುದಿನ ಪೇಪರ್ ಇದ್ದೋರು ಒಂದಕ್ಕೆ ನಿಲ್ಲಿಸ್ರಿ.

## 8. ಬೆಟ್ಟದ ದಿನ: ಸಂಡೂರು

ಇದಕ್ಕೆ ಸಭೆ ಮುಗಿದ ಮರುದಿನ ಇಟ್ಕೊಳ್ರಿ. ಸಭೆಗೆ ಮುಂಚಿನ ದಿನ ಬೇಡ, ದಣಿವು ಆಗ್ತದೆ, ಗಾಡಿ ಕೆಟ್ರೆ ಸಭೆಗೇ ಕಲ್ಲು ಬೀಳ್ತದೆ.

### ಹೊರಡೋದು

ಬಳ್ಳಾರಿಯಿಂದ ಬೆಳಿಗ್ಗೆ ಐದೂವರೆಗೆ ಬಿಡ್ರಿ. ಕುಡುತಿನಿ, ತೋರಣಗಲ್ಲು ದಾಟಿ ಎಡಕ್ಕೆ ತಿರುಗಿದ್ರೆ ಸಂಡೂರು ದಾರಿ, ಒಟ್ಟು ಐವತ್ತರ ಮೇಲೆ ಕಿಲೋಮೀಟರ್, ಬೆಳಗಿನ ಹೊತ್ತು ಒಂದೂಕಾಲು ಗಂಟೆ, ಹಗಲಾದ ಮೇಲೆ ಎಷ್ಟು ಅಂತ ಹೇಳಕ್ಕಾಗಲ್ಲ. ಸಂಡೂರು ಇರೋದು ಸುತ್ತ ಬೆಟ್ಟದ ಗೋಡೆ ಇರೋ ಒಂದು ಕಣಿವೆ ಒಳಗೆ. ನಾರಿಹಳ್ಳ ಆ ಗೋಡೆ ಸೀಳ್ಕೊಂಡು ಹೋದ ಎರಡು ಕಂಡಿ ಅದಾವೆ, ಓಬಳಗಂಡಿ, ಭೀಮಗಂಡಿ ಅಂತ. ಬಯಲು ನೋಡಿ ನೋಡಿ ಸಾಕಾಗಿರೋ ಕಣ್ಣಿಗೆ ಬೆಟ್ಟ ಎರಡೂ ಕಡೆಯಿಂದ ಹತ್ರ ಬಂದು ಆಮೇಲೆ ಒಮ್ಮೆಲೇ ಹಸಿರು ಬಟ್ಟಲು ತೆರ್ಕೊಂಡಂಗೆ ಆಗ್ತದೆ, ಆ ಜಾಗದಲ್ಲಿ ಒಂದೈದು ನಿಮಿಷ ಸೈಡಿಗೆ ನಿಲ್ಲಿಸ್ರಿ.

ಊರಲ್ಲಿ ಏಳಕ್ಕೆ ಟಿಫನ್ ಮುಗಿಸ್ರಿ, ಉಗ್ಗಾಣಿ ಇಲ್ಲಾ ಇಡ್ಲಿ. ಮೇಲೆ ಊಟ ಸಿಗ್ತದೆ ಅಂತ ನಂಬಬೇಡ್ರಿ. ಪೆಟ್ರೋಲೂ ಇಲ್ಲೇ.

### ಕುಮಾರಸ್ವಾಮಿ ಬೆಟ್ಟ

ಸಂಡೂರಿಂದ ಹತ್ತು-ಹನ್ನೆರಡು ಕಿಲೋಮೀಟರ್, ಸ್ವಾಮಿಮಲೈ ಕಾಡೊಳಗೆ ತಿರುವು ರಸ್ತೆ. ಈ ಬೆಟ್ಟಸಾಲು ಸಮುದ್ರಮಟ್ಟದಿಂದ ಸಾವಿರ ಮೀಟರ್ ಆಸುಪಾಸು, ನಮ್ಮ ಬಳ್ಳಾರಿ ಅದರ ಅರ್ಧ ಎತ್ತರಾನೂ ಇಲ್ಲ, ಹಂಗಾಗಿ ಮೇಲೆ ಹೋದಂಗೆ ಗಾಳಿನೇ ಬೇರೆ ಆಗ್ತದೆ. ಗಾಜು ಇಳಿಸ್ಕೊಂಡು ನಿಧಾನ ಹೋಗ್ರಿ. ತಿರುವಲ್ಲಿ ಹಾರ್ನ್ ಹೊಡೀರಿ, ಇಳಿಯೋವಾಗ ಗೇರಲ್ಲೇ ಇಳಿಸ್ರಿ, ಬರೀ ಬ್ರೇಕ್ ಮೇಲೆ ಇಳಿಸಿದ್ರೆ ಬ್ರೇಕ್ ಕಾದು ವಾಸನೆ ಬರ್ತದೆ. ವಾಸನೆ ಬಂದ್ರೆ ಅಗಲ ಇರೋ ಕಡೆ ನಿಲ್ಲಿಸಿ ಹದಿನೈದು ನಿಮಿಷ ಆರಲಿಕ್ಕೆ ಬಿಡ್ರಿ.

ಮೇಲೆ ಪಾರ್ವತಿ ಗುಡಿ, ಕುಮಾರಸ್ವಾಮಿ ಗುಡಿ ಅಕ್ಕಪಕ್ಕ ಅದಾವೆ, ಎದುರಿಗೆ ಕಲ್ಯಾಣಿ. ಎಂಟು ಗಂಟೆ ಹೊತ್ತಿಗೆ ಹೋದ್ರೆ ಮಂಜು ಇನ್ನೂ ಗೋಪುರದ ಕಲ್ಲಿಗೆ ಅಂಟ್ಕೊಂಡಿರ್ತದೆ, ಕಲ್ಲಿನ ಕೆತ್ತನೆಯಿಂದ ಹನಿ ಹನಿ ನೀರು ಜಾರಿ ಕೆಳಗಿನ ಹಾಸುಗಲ್ಲಿಗೆ ಬೀಳೋ ಸದ್ದು ಕೇಳಿಸ್ತದೆ, ಅಷ್ಟು ನಿಶ್ಶಬ್ದ. ಇಲ್ಲಿ ಒಂದು ಗಂಟೆ ಸುಮ್ಮನೆ ಇರ್ರಿ. ಬಂದೋರು ಹೆಚ್ಚಿನವರು ಇಪ್ಪತ್ತು ನಿಮಿಷಕ್ಕೆ ಫೋಟೋ ತಗೊಂಡು "ಹಂಪಿಗೆ ಲೇಟಾಗ್ತದೆ" ಅಂತ ಓಡ್ತಾರೆ, ನನಗೆ ಬಹಳ ಸಂಕಟ ಆಗೋದು ಅದಕ್ಕೇ. ಗರ್ಭಗುಡಿಯಲ್ಲಿ ಫೋಟೋ ತೆಗೀಬೇಡ್ರಿ, ಗುಡಿಯ ಪದ್ಧತಿ ಏನು ಅಂತ ಅರ್ಚಕರನ್ನ ಕೇಳಿ ಒಳಗೆ ಹೋಗ್ರಿ.

ರಸ್ತೆ ಬಿಟ್ಟು ಕಾಡೊಳಗೆ ನಡ್ಕೊಂಡು ಹೋಗೋದು ಅರಣ್ಯ ಇಲಾಖೆ ಒಪ್ಪಿಗೆ ಇಲ್ಲದೆ ಬೇಡ. ಕರಡಿ, ಚಿರತೆ ಇರೋ ಕಾಡಿದು. ಗಣಿ ಕಡೆ ಹೋಗೋ ಅಡ್ಡರಸ್ತೆಗೂ ಇಳೀಬೇಡ್ರಿ, ನಕ್ಷೆ ಕೆಲವೊಮ್ಮೆ ಅದನ್ನೇ ಶಾರ್ಟ್‌ಕಟ್ ಅಂತ ತೋರಿಸ್ತದೆ, ಮುಂದೆ ಗೇಟು ಇರ್ತದೆ, ತಿರುಗಿಸಕ್ಕೆ ಜಾಗ ಇರಲ್ಲ.

### ಇಳಿಯೋವಾಗ

ಹರಿಶಂಕರ ತೀರ್ಥ ನೋಡ್ರಿ, ಅರ್ಧ ಗಂಟೆ ಸಾಕು. ಪಾಚಿಗಟ್ಟಿದ ಕಲ್ಲು ಜಾರ್ತದೆ. ಅಲ್ಲಿಂದ ನಾರಿಹಳ್ಳ ಡ್ಯಾಂ, ಬೆಟ್ಟದ ನಡುವೆ ನೀರು, ದಂಡೆಯಲ್ಲಿ ನಿಂತು ನೋಡಿ ಸಾಕು, ಇಳೀಬೇಡ್ರಿ.

ಊರಿಗೆ ವಾಪಸ್ ಬಂದು ಲಂಬಾಣಿ ಕಸೂತಿ ಮಾಡೋ ಸಂಡೂರು ಕುಶಲಕಲಾ ಕೇಂದ್ರಕ್ಕೆ ಹೋಗ್ರಿ. ಸಂಡೂರು ಲಂಬಾಣಿ ಕಸೂತಿಗೆ ಜಿಐ ಟ್ಯಾಗ್ ಐತೆ. ಹೆಣ್ಮಕ್ಕಳು ಕೂತು ಕನ್ನಡಿ ಚೂರು, ಕವಡೆ, ಬಣ್ಣದ ದಾರ ಹೊಲಿಯೋದು ನೋಡಿದ್ರೆ ಒಂದು ಸಣ್ಣ ಬಟುವಾಕ್ಕೂ ಎಷ್ಟು ಹೊಲಿಗೆ ಅಂತ ಗೊತ್ತಾಗ್ತದೆ, ದರ ಚೌಕಾಸಿ ಮಾಡಬೇಡ್ರಿ. ಸೆಮಿನಾರಲ್ಲಿ ಅತಿಥಿಗಳಿಗೆ ಪ್ಲಾಸ್ಟಿಕ್ ಫೈಲು, ಶಾಲು ಕೊಡೋ ಬದಲು ಆಯೋಜಕರು ಇದನ್ನ ಕೊಟ್ರೆ ಎಷ್ಟು ಚೆನ್ನ. ಭಾನುವಾರ, ಹಬ್ಬದ ದಿನ ಆದ್ರೆ ತೆಗೆದಿರ್ತದಾ ಅಂತ ವಿಚಾರಿಸಿ ಹೋಗ್ರಿ.

ಊಟ ಮಾಡಿ ಮೂರರ ಒಳಗೆ ಹೊರಟುಬಿಡ್ರಿ. ಕತ್ತಲಾದ ಮೇಲೆ ಆ ರಸ್ತೆಯಲ್ಲಿ ಎದುರಿಗೆ ಲಾರಿ ಹೆಡ್‌ಲೈಟು, ನಡುವೆ ಕೆಂಪು ಧೂಳು, ಏನೂ ಕಾಣಲ್ಲ.

## 9. ಇನ್ನೊಂದು ದಿನ ಇದ್ರೆ ಮಾತ್ರ: ಹಂಪಿ ಅಥವಾ ಅಂಜನಾದ್ರಿ

"ಅಥವಾ" ಅಂತ ಬರೆದಿದೀನಿ, ಗಮನಿಸ್ರಿ. ಬಳ್ಳಾರಿ ರೂಮು ಖಾಲಿ ಮಾಡಿ ಹಿಂದಿನ ರಾತ್ರಿನೇ ಹೊಸಪೇಟೆಗೆ ಬಂದು ಉಳ್ಕೊಳ್ರಿ, ವಾಪಸ್ ಹೋಗೋ ರೈಲೂ ಅಲ್ಲಿಂದಲೇ ಹಿಡೀಬಹುದು, ವಾಪಸ್ ಟಿಕೆಟ್ ಮೊದಲೇ ಹೊಸಪೇಟೆಯಿಂದ ಮಾಡಿಸೋದು ಮರೀಬೇಡ್ರಿ.

ಹಂಪಿ ಆದ್ರೆ ಬೆಳಿಗ್ಗೆ ಮತಂಗ ಬೆಟ್ಟ, ಸೂರ್ಯ ಹುಟ್ಟೋ ಮುಂಚೆ ಹತ್ತೋದಾದ್ರೆ ಟಾರ್ಚು ಬೇಕು, ಒಬ್ಬರೇ ಹೋಗಬೇಡ್ರಿ. ಇಳಿದು ವಿರೂಪಾಕ್ಷ, ಆಮೇಲೆ ವಿಜಯ ವಿಠ್ಠಲ. ಅಲ್ಲಿಗೆ ಬ್ಯಾಟರಿ ಗಾಡಿ ಐತೆ, ಶನಿವಾರ ಭಾನುವಾರ ಕ್ಯೂ ಉದ್ದ, ಕ್ಯೂ ಕಂಡ್ರೆ ನಡೆದೇ ಬಿಡ್ರಿ, ಒಂದು ಕಿಲೋಮೀಟರ್ ಆಸುಪಾಸು. 40 ರೂಪಾಯಿ ಟಿಕೆಟ್ ಒಂದು ತಗೊಂಡ್ರೆ ಅದೇ ದಿನ ಕಮಲ ಮಹಲ್ ಆವರಣಕ್ಕೂ, ಕಮಲಾಪುರ ಮ್ಯೂಸಿಯಂಗೂ ನಡೀತದೆ, ಟಿಕೆಟ್ ಬಿಸಾಕಬೇಡ್ರಿ. ಮ್ಯೂಸಿಯಂ ಶುಕ್ರವಾರ ರಜೆ. ಬಿಸಿಲು ಇಳಿದ ಮೇಲೆ ದರೋಜಿ ಕರಡಿಧಾಮ, ಅದು ಮಧ್ಯಾಹ್ನದ ಮೇಲೆ ನೋಡೋ ಜಾಗ, ವಾಚ್‌ಟವರ್ ಮೇಲೆ ಮಾತಿಲ್ಲದೆ ಕೂತ್ರೆ ಬಂಡೆ ಸಂದಿಯಿಂದ ಕರಡಿ ಇಳಿದು ಬರೋದು ಕಾಣ್ತದೆ. ಬೈನಾಕ್ಯುಲರ್ ಇದ್ರೆ ತನ್ನಿ.

ಅಂಜನಾದ್ರಿ ಆದ್ರೆ 575 ಮೆಟ್ಟಿಲು, ಆರು ಗಂಟೆಗೆಲ್ಲ ಕೆಳಗೆ ಇರ್ರಿ. ಕೈಯಲ್ಲಿ ಪ್ಲಾಸ್ಟಿಕ್ ಕವರ್ ಹಿಡ್ಕೋಬೇಡ್ರಿ, ಕೋತಿ ಕಿತ್ಕೊಂಡು ಹೋಗ್ತವೆ, ಒಳಗೆ ತಿಂಡಿ ಇರಲಿ ಮಾತ್ರೆ ಇರಲಿ. ಶನಿವಾರ ತಪ್ಪಿಸ್ರಿ. ಹಂಪಿಯಿಂದ ಕಾರಲ್ಲಿ ಹೋಗೋದಾದ್ರೆ ಬುಕ್ಕಸಾಗರ–ಕಡೇಬಾಗಿಲು ಸೇತುವೆ ಮೇಲೆ ಬರಬೇಕು, ದೋಣಿ ನಂಬ್ಕೊಂಡು ಕಾರು ಈ ಕಡೆ ಬಿಟ್ಟು ಹೋದೋರು ಸಂಜೆ ದೋಣಿ ನಿಂತ ಮೇಲೆ ಬಹಳ ಪಡಿಪಾಟಲು ಪಡ್ತಾರೆ.

## 10. ಇಲ್ಲಿ ಹಿಂದೆ ಸರೀರಿ

ನದಿ ವಿಷಯದಲ್ಲಿ ನಾನು ಯಾರ ಮಾತೂ ಕೇಳಲ್ಲ. ತುಂಗಭದ್ರಾ ಡ್ಯಾಂಗೆ 33 ಕ್ರೆಸ್ಟ್ ಗೇಟ್ ಅದಾವೆ, ನೀರು ಬಿಟ್ರೆ ಹಂಪಿ, ಸಣಾಪುರದ ಬಂಡೆ ನಡುವೆ ಹರಿವು ನೋಡನೋಡ್ತಾ ಏರ್ತದೆ. ಹರಿಗೋಲು ನಿಲ್ಲಿಸಿದಾರೆ ಅಂದ್ರೆ ಜಾಸ್ತಿ ದುಡ್ಡು ಕೊಟ್ಟು ಒತ್ತಾಯ ಮಾಡಬೇಡ್ರಿ, ಲೈಫ್ ಜಾಕೆಟ್ ಇಲ್ಲದ ಹರಿಗೋಲು ಹತ್ತಬೇಡ್ರಿ. 2025ರ ಫೆಬ್ರವರಿಯಲ್ಲಿ ಹೈದರಾಬಾದಿಂದ ಪ್ರವಾಸ ಬಂದಿದ್ದ ಯುವ ವೈದ್ಯೆ ಸಣಾಪುರದ ಹತ್ರ ಬಂಡೆಯಿಂದ ನದಿಗೆ ಜಿಗಿದು ತೀರಿಕೊಂಡ್ರು. ಮೇಲೆ ಶಾಂತ ಕಾಣ್ತದೆ, ಕೆಳಗೆ ಬಂಡೆ ಸುಳಿ. ಅದೇ ವರ್ಷ ಮಾರ್ಚಲ್ಲಿ ಸಣಾಪುರದ ಕಾಲುವೆ ಹತ್ರ ರಾತ್ರಿ ಕೂತಿದ್ದ ಪ್ರವಾಸಿಗರ ಮೇಲೆ ದಾಳಿ ಆಗಿ ಒಬ್ಬರ ಜೀವ ಹೋಯ್ತು. ನಕ್ಷತ್ರ ನೋಡಬೇಕು ಅಂದ್ರೆ ನೀವು ಉಳ್ಕೊಂಡ ಜಾಗದ ಅಂಗಳದಲ್ಲೇ ನೋಡ್ರಿ.

ಬೆಟ್ಟದಲ್ಲಿ ಮಂಜು ಬಂದು ಮುಂದಿನ ತಿರುವು ಕಾಣಲಿಲ್ಲ ಅಂದ್ರೆ, ಮಳೆ ಬಿದ್ದು ಕೆಮ್ಮಣ್ಣು ರಸ್ತೆ ಮೇಲೆ ಹರೀತಿದ್ರೆ, ಅಲ್ಲಿಂದಲೇ ವಾಪಸ್. ಕೆಮ್ಮಣ್ಣಿನ ಮೇಲೆ ಟೈರ್ ಸಾಬೂನಿನ ಮೇಲೆ ಜಾರಿದಂಗೆ ಜಾರ್ತದೆ. ಬಂಡೆ ಹತ್ತುವಾಗ ಬೆವರೋದು ನಿಂತು ತಲೆ ಸುತ್ತಿದ್ರೆ ಅದು ಬಿಸಿಲಿನ ಹೊಡೆತ, ನೆರಳಿಗೆ ಕರ್ಕೊಂಡು ಹೋಗಿ ಒದ್ದೆ ಬಟ್ಟೆ ಹಾಕಿ 112ಕ್ಕೆ ಫೋನ್ ಮಾಡ್ರಿ, "ಸ್ವಲ್ಪ ಕೂತ್ರೆ ಸರಿಹೋಗ್ತದೆ" ಅಂತ ಮೇಲಕ್ಕೆ ಎಳ್ಕೊಂಡು ಹೋಗಬೇಡ್ರಿ.

ಹೊರಡೋ ಮುಂಚೆ ರಿಸೆಪ್ಷನ್‌ನಲ್ಲಿ ನಿಂತೇ ಬಿಲ್ಲು ಓದ್ರಿ: ಹೆಸರಿನ ಅಕ್ಷರ, ಬಂದ ದಿನ, ಹೋದ ದಿನ, ಜಿಎಸ್‌ಟಿ ನಂಬರ್. ಬಳ್ಳಾರಿಯಿಂದ ಆಚೆ ಹೋದ ಮೇಲೆ ತಿದ್ದಿಸಕ್ಕೆ ಫೋನ್ ಮಾಡಿದ್ರೆ ಬಿಲ್ ಬುಕ್ಕು ಮುಗಿದೈತೆ ಅಂತಾರೆ, ಆಮೇಲೆ ನನಗೆ ಫೋನ್ ಬರ್ತದೆ, ನಾನು ಹೋಗಿ ನಿಂತು ತಿದ್ದಿಸಿ ಪೋಸ್ಟ್ ಮಾಡ್ತೀನಿ, ಮಾಡಲ್ಲ ಅಂತಲ್ಲ, ಆದ್ರೆ ನಿಮ್ಮ ಟಿಎ ಅಷ್ಟು ದಿನ ನಿಂತಿರ್ತದೆ.